ಯಾರಿಗೆ ಯಾವ ಬಸ್ಕಿ?

ದಸರಾ ಕುಸ್ತಿ ಮುಗಿದ ಬಳಿಕ ನಮ್ಮ ಭಾಗದ ತರುಣರಲ್ಲಿ ಅಂಗಸಾಧನೆಯ ಉತ್ಸಾಹ ಒಂದಿಷ್ಟು ಕಾಲ ಹೆಚ್ಚಾಗಿಯೇ ಇರುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರ ಹೆಸರನ್ನೇ ಹೊತ್ತಿರುವ ಮೈಸೂರಿನ ಕ್ರೀಡಾಂಗಣದಲ್ಲಿ ಪೈಲ್ವಾನರ ತೊಡೆಗಳನ್ನು ಕಂಡು ಬಂದವರು ಕೇಳುವ ಮೊದಲ ಪ್ರಶ್ನೆ: “ಗರಡಿಯ ಬಸ್ಕಿ ಮೇಲೋ, ಜಿಮ್ಮಿನ ಸ್ಕ್ವಾಟ್ ಮೇಲೋ?” ಅದೇ ವಾರ ಚಿಕಿತ್ಸಾಲಯಕ್ಕೆ ಬರುವ ಹಿರಿಯರದು ಬೇರೆಯೇ ಮಾತು. “ಮಂಡಿ ನೋವು, ಡಾಕ್ಟ್ರೇ. ಮಂಡಿ ಮಡಿಸಲೇಬೇಡಿ ಅಂದಿದ್ದಾರೆ. ಪೂಜೆಗೂ ಕುರ್ಚಿ, ಪಂಕ್ತಿಗೂ ಕುರ್ಚಿ ಆಯಿತು.” ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ತೋರುವ ಈ ಎರಡು ಮಾತುಗಳಿಗೂ ಉತ್ತರ ಒಂದೇ ಕಡೆ ಇದೆ. ಬಸ್ಕಿ ಎಂಬುದು ಒಂದೇ ವ್ಯಾಯಾಮವಲ್ಲ. ಕಾಲಿಟ್ಟ ರೀತಿ, ಹಿಮ್ಮಡಿಯ ಸ್ಥಾನ, ಇಳಿಯುವ ಆಳ, ಹೊತ್ತ ಭಾರ ಇವು ಬದಲಾದಂತೆ ಅದು ದೇಹದ ಬೇರೆಬೇರೆ ಭಾಗಗಳ ಮೇಲೆ ಕೆಲಸ ಮಾಡುತ್ತದೆ. ಆದುದರಿಂದ ಯಾವುದು ಶ್ರೇಷ್ಠ ಎಂಬುದಕ್ಕಿಂತ ಯಾರಿಗೆ ಯಾವುದು ಎಂದು ಕೇಳುವುದು ಯುಕ್ತ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕುಕ್ಕರಗಾಲಿನಲ್ಲಿ ಕೂತೇ ಇರುವುದು ಬೇರೆ, ಕೂತು ಏಳುವುದು ಬೇರೆ. ನಮ್ಮ ಪ್ರಾಚೀನ ವೈದ್ಯರು ಈ ಭೇದವನ್ನು ಅರಿತಿದ್ದರು. ದೇಹಕ್ಕೆ ಸ್ಥಿರತೆ ಮತ್ತು ಬಲವನ್ನು ಕೊಡುವ ಚೇಷ್ಟೆಯೇ ವ್ಯಾಯಾಮವೆಂದು ಚರಕರು ಹೇಳುತ್ತಾರೆ. ಅತ್ತ ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮೂಲವ್ಯಾಧಿಗೆ ಕಾರಣವಾಗುವ ಸಂಗತಿಗಳ ಪಟ್ಟಿಯಲ್ಲಿ ‘ಉತ್ಕಟುಕಾಸನ’, ಅಂದರೆ ಕುಕ್ಕರಗಾಲಿನಲ್ಲಿ ಕೂರುವ ರೂಢಿಯೂ ಸೇರಿದೆ. ಆಧುನಿಕ ಸಂಶೋಧನೆಯೂ ಇದಕ್ಕೆ ಸಮೀಪದ ಮಾತನ್ನೇ ಆಡಿದೆ. ಚೀನಾದ ಬೀಜಿಂಗ್ ನಗರದ ವೃದ್ಧರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೌವನದಲ್ಲಿ ದಿನಕ್ಕೆ ಹಲವು ಗಂಟೆಗಳ ಕಾಲ ಕುಕ್ಕರಗಾಲಿನಲ್ಲಿ ಕೂರುತ್ತಿದ್ದವರಿಗೆ ಮುಪ್ಪಿನಲ್ಲಿ ಮಂಡಿ ಸವೆತ ಹೆಚ್ಚಾಗಿ ಕಂಡುಬಂದಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಹೊಗೆಸೊಪ್ಪು ವಿಂಗಡಿಸುತ್ತ ಹಗಲೆಲ್ಲ ನೆಲಕ್ಕಂಟಿ ಕೂರುವ ತಾಯಂದಿರು ಇದನ್ನು ಗಮನಿಸಬೇಕು. “ನಾವು ದಿನವಿಡೀ ಕೂತೇ ಕೆಲಸ ಮಾಡುತ್ತೇವೆ, ನಮಗೇಕೆ ಬಸ್ಕಿ?” ಎನ್ನುವವರಿದ್ದಾರೆ. ಕೂತಿದ್ದಾಗ ತೊಡೆಯ ಸ್ನಾಯುಗಳು ಬಹುಮಟ್ಟಿಗೆ ವಿಶ್ರಮಿಸುತ್ತವೆ; ಒತ್ತಡವೆಲ್ಲ ಮಡಿಸಿದ ಕೀಲಿನ ಮೇಲೆ ನಿಲ್ಲುತ್ತದೆ. ಸ್ನಾಯುವಿಗೆ ಬಲ ಬರುವುದು ಏಳುವಾಗ ಮತ್ತು ನಿಧಾನವಾಗಿ ಇಳಿಯುವಾಗ. ಕೃಷ್ಣರಾಜನಗರದ ಗದ್ದೆಗಳಲ್ಲಿ ನಾಟಿ ಹಾಕುವವರದೂ ಇದೇ ಕಥೆ. ಮಂಡಿ ನೇರವಾಗಿಟ್ಟು ನಡು ಬಗ್ಗಿಸುವ ಆ ದುಡಿಮೆಯಲ್ಲಿ ಬೆನ್ನು ದಣಿಯುತ್ತದೆಯೇ ವಿನಾ ತೊಡೆ ಬಲಿಯುವುದಿಲ್ಲ.

ಇನ್ನು ಬಸ್ಕಿಯ ಬಗೆಗಳಿಗೆ ಬರೋಣ. ಗರಡಿಮನೆಯ ಬಸ್ಕಿಯಲ್ಲಿ ಇಳಿಯುವಾಗ ಹಿಮ್ಮಡಿ ನೆಲ ಬಿಡುತ್ತದೆ, ಭಾರವೆಲ್ಲ ಮುಂಗಾಲಿನ ಮೇಲೆ ಬರುತ್ತದೆ, ಮಂಡಿ ಕಾಲ್ಬೆರಳುಗಳನ್ನು ದಾಟಿ ಮುಂದೆ ಹೋಗುತ್ತದೆ, ಮುಂಡ ನೆಟ್ಟಗಿರುತ್ತದೆ, ಕೈಗಳು ಲಯಬದ್ಧವಾಗಿ ಬೀಸುತ್ತವೆ. ಹೊರಗಿನ ಭಾರವಿಲ್ಲ, ಎಣಿಕೆಯೇ ಭಾರ. ತೊಡೆಯ ಮುಂಭಾಗ ಮತ್ತು ಮೀನಖಂಡಗಳಿಗೆ ಇದು ವಿಶೇಷ ಬಲ ನೀಡುತ್ತದೆ. ಉಸಿರಿನ ತಾಳಿಕೆಯನ್ನು ಬೆಳೆಸುತ್ತದೆ. ಮಟ್ಟಿಯಲ್ಲಿ ಎದುರಾಳಿಯ ಹಿಡಿತದಡಿ ತಗ್ಗಿ ನಿಮಿಷಗಟ್ಟಲೆ ಸೆಣಸಬೇಕಾದ ಪೈಲ್ವಾನನಿಗೆ ಇದು ಹೇಳಿ ಮಾಡಿಸಿದ ಸಾಧನೆ. ಆದರೆ ಮಂಡಿಯ ಚಿಪ್ಪಿನ ಮೇಲೆ ಬೀಳುವ ಒತ್ತಡವೂ ಇದರಲ್ಲಿ ಅಧಿಕ. ಈಗಾಗಲೇ ಮಂಡಿ ನೋವಿದ್ದವರು ಈ ಬಗೆಯಿಂದ ಆರಂಭಿಸಬಾರದು.

ಎರಡನೆಯದು ಪಾದವನ್ನು ಪೂರ್ತಿ ನೆಲಕ್ಕೂರಿ ಮಾಡುವ ಬಸ್ಕಿ. ಹಿಂದೆ ಒಂದು ಮಣೆ ಇದೆಯೆಂದು ಭಾವಿಸಿ ಪೃಷ್ಠವನ್ನು ಹಿಂದಕ್ಕೆ ಇಳಿಸುವುದು ಇದರ ಕ್ರಮ. ಇಲ್ಲಿ ತೊಡೆಯ ಜೊತೆಗೆ ಪೃಷ್ಠದ ದೊಡ್ಡ ಸ್ನಾಯುಗಳೂ ದುಡಿಯುತ್ತವೆ. ಮುಂಡ ತುಸು ಮುಂದೆ ಬಾಗುವುದು ಸಹಜ. ಬೆನ್ನು ಗೂನಾಗಬಾರದು, ಅಷ್ಟೇ.

“ಮಂಡಿ ಕಾಲ್ಬೆರಳನ್ನು ದಾಟಕೂಡದು” ಎಂಬ ಕಟ್ಟಪ್ಪಣೆಯೊಂದು ಜಿಮ್‌ಗಳಲ್ಲಿ ಪ್ರಚಾರದಲ್ಲಿದೆ. ಅದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದಲ್ಲಿ ಭಾರ ಎತ್ತುವ ಅಭ್ಯಾಸವಿದ್ದ ಏಳು ಮಂದಿಯನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಾದದ ಮುಂದೆ ಹಲಗೆ ನಿಲ್ಲಿಸಿ ಮಂಡಿ ಮುಂದೆ ಹೋಗದಂತೆ ತಡೆದಾಗ ಮಂಡಿಯ ಮೇಲಿನ ತಿರುಚುಬಲ ಸುಮಾರು ಶೇ 22ರಷ್ಟು ತಗ್ಗಿತು. ಆದರೆ ಸೊಂಟದ ಕೀಲಿನ ಮೇಲಿನದು ಹತ್ತು ಪಟ್ಟಿಗೂ ಮೀರಿ ಏರಿತು. ಮುಂಡವೂ ಹೆಚ್ಚು ಬಾಗಿತು. ಭಾರ ಮಾಯವಾಗುವುದಿಲ್ಲ, ಮಂಡಿಯಿಂದ ಇಳಿದದ್ದು ಸೊಂಟಕ್ಕೂ ನಡುವಿಗೂ ಹೋಗಿ ಸೇರುತ್ತದೆ. ಮಂಡಿ ನೋವಿನವರು ಪೃಷ್ಠವನ್ನು ಹಿಂದಕ್ಕೊಯ್ಯುವ ಬಗೆಯನ್ನೂ, ನಡುನೋವಿನವರು ಮುಂಡ ನೆಟ್ಟಗಿರುವ ಬಗೆಯನ್ನೂ ಆರಿಸಿಕೊಳ್ಳುವುದು ಇದರಿಂದ ಬರುವ ವ್ಯಾವಹಾರಿಕ ತೀರ್ಮಾನ. ಪೂರ್ತಿ ಆಳಕ್ಕೆ ಇಳಿದರೆ ಮಂಡಿಯ ರಜ್ಜುಗಳು ಸಡಿಲವಾಗುತ್ತವೆಂಬ ಭಯವೂ ಹಳೆಯದು. 1961ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಹಾಗೆ ಬರೆದರು. ನಂತರದ ಅಧ್ಯಯನಗಳು ಆರೋಗ್ಯವಂತ ಮಂಡಿಯ ವಿಷಯದಲ್ಲಿ ಅದನ್ನು ಸಮರ್ಥಿಸಲಿಲ್ಲ.

ಜಿಮ್ಮಿನಲ್ಲಿ ಹೆಗಲ ಹಿಂದೆ ಕಬ್ಬಿಣದ ಸರಳು ಹೊತ್ತು ಮಾಡುವ ಸ್ಕ್ವಾಟ್‌ನಲ್ಲಿ ಅತಿ ಹೆಚ್ಚು ಭಾರ ಎತ್ತಬಹುದು. ಕೇವಲ ಬಲದ ದೃಷ್ಟಿಯಿಂದ ನೋಡಿದರೆ ಇದಕ್ಕೆ ಸಾಟಿಯಾದುದು ಕಡಿಮೆ, ಏಕೆಂದರೆ ಇಲ್ಲಿ ಎಣಿಕೆಯನ್ನಲ್ಲ, ಭಾರವನ್ನೇ ಕ್ರಮಕ್ರಮವಾಗಿ ಏರಿಸಲು ಸಾಧ್ಯ. ನೂರು ಬಸ್ಕಿ ಹೊಡೆಯಬಲ್ಲವನಿಗೆ ಇನ್ನೂರು ಸೇರಿಸಿದರೆ ಬೆಳೆಯುವುದು ಮುಖ್ಯವಾಗಿ ತಾಳಿಕೆ. ಬಲ ಬೆಳೆಯಬೇಕಾದರೆ ಐದಾರು ಸಲವೇ ಎತ್ತಬಹುದಾದಷ್ಟು ಭಾರ ಬೇಕು. ಆದರೆ ಕಲಿಸುವವರಿಲ್ಲದೆ, ಕನ್ನಡಿಯ ಮುಂದೆ ಗೆಳೆಯರ ಪಂಥಕ್ಕೆ ಬಿದ್ದು ಭಾರ ಏರಿಸಿ ನಡು ಹಿಡಿಸಿಕೊಂಡು ಬರುವ ಹುಡುಗರನ್ನು ನಾನು ಆಗಾಗ ನೋಡುತ್ತೇನೆ. ಅದಕ್ಕಿಂತ ಭಾರವನ್ನು ಎದೆಗವಚಿಕೊಂಡು ಮಾಡುವ ಬಸ್ಕಿ ಕ್ಷೇಮಕರ. ಮುಂದೆ ಭಾರವಿದ್ದಾಗ ಮುಂಡ ತಾನಾಗಿ ನೆಟ್ಟಗಾಗುತ್ತದೆ, ಕೈಸೋತರೆ ಇಳಿಸಿಬಿಡಬಹುದು. ಇದಕ್ಕೆ ಜಿಮ್ ಬೇಡ. ಮನೆಯಲ್ಲಿರುವ ಐದು ಕಿಲೋ ರಾಗಿಯ ಚೀಲ ಸಾಕು. ಒಂದು ಕಾಲನ್ನು ಮುಂದಿಟ್ಟು ಇನ್ನೊಂದನ್ನು ಹಿಂದಿಟ್ಟು ಇಳಿಯುವ ಬಗೆ ಎಡಬಲಗಳ ಬಲವನ್ನು ಸರಿದೂಗಿಸಲು ಒಳ್ಳೆಯದು, ನಡುವಿಗೂ ಹಗುರ.

ಉತ್ಕಟಾಸನದ ಬಗ್ಗೆಯೂ ಕೆಲವರು ಕೇಳುತ್ತಾರೆ. ಒಂದೇ ಹೆಸರಿನಲ್ಲಿ ಎರಡು ಆಸನಗಳಿವೆ. ಘೇರಂಡ ಸಂಹಿತೆಯ ಉತ್ಕಟಾಸನದಲ್ಲಿ ಹಿಮ್ಮಡಿ ಎತ್ತಿ ಅದರ ಮೇಲೆ ಕೂರಬೇಕು. ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಶಿಷ್ಯರಾದ ಪಟ್ಟಾಭಿ ಜೋಯಿಸರು ಕಲಿಸಿದ ಸೂರ್ಯನಮಸ್ಕಾರದ ಎರಡನೆಯ ಬಗೆಯಲ್ಲಿ ಬರುವ ಉತ್ಕಟಾಸನವಾದರೋ ಪಾದವೂರಿ, ಮಂಡಿ ಅರ್ಧ ಮಡಿಸಿ, ಕೈಗಳನ್ನು ಮೇಲೆತ್ತಿ ನಿಲ್ಲುವುದು. ಎರಡನೆಯದು ಬಸ್ಕಿಯನ್ನು ಮಧ್ಯದಲ್ಲಿ ತಡೆದು ನಿಲ್ಲಿಸಿದಂತೆ. ಆರಂಭಿಕರಿಗೆ ಹಿತ.

ಹೀಗಿದ್ದರೂ ಒಂದೇ ಬಗೆ ಒಬ್ಬನಿಗೆ ಸಲೀಸು, ಇನ್ನೊಬ್ಬನಿಗೆ ಕಷ್ಟವಾಗುವುದುಂಟು. ಅದನ್ನು ಸೋಮಾರಿತನವೆಂದು ಜರೆಯಬಾರದು. ತೊಡೆಮೂಳೆ ಉದ್ದವಿದ್ದವರು ಇಳಿಯುವಾಗ ಹೆಚ್ಚು ಬಾಗಲೇಬೇಕು; ಇಲ್ಲದಿದ್ದರೆ ಹಿಂದಕ್ಕೆ ಬೀಳುತ್ತಾರೆ. ಸೊಂಟದ ಕೀಲಿನ ಗುಳಿ ಎಲ್ಲರಿಗೂ ಒಂದೇ ದಿಕ್ಕಿಗೆ ಇರುವುದಿಲ್ಲವಾದ್ದರಿಂದ ಕೆಲವರಿಗೆ ಪಾದ ಅಗಲಿಸಿ ಬೆರಳನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಆಳಕ್ಕೆ ಇಳಿಯಲು ಬರುತ್ತದೆ. ಹಿಮ್ಮಡಿ ಎದ್ದುಬಿಡುವವರಲ್ಲಿ ಹರಡಿನ ಬಿಗಿತ ಕಾರಣವಾಗಿರಬಹುದು; ಅವರು ಹಿಮ್ಮಡಿಯ ಕೆಳಗೆ ತೆಳುವಾದ ಹಲಗೆ ಇಟ್ಟುಕೊಳ್ಳಲಿ. ಎಷ್ಟೇ ಅಗಲಿಸಿದರೂ ಮಂಡಿ ಪಾದ ತೋರುವ ದಿಕ್ಕಿಗೇ ಬಾಗಬೇಕು, ಒಳಕ್ಕೆ ಮಗುಚಬಾರದು. ಈ ನಿಯಮಕ್ಕೆ ಒಳಪಟ್ಟು ಯಾವುದು ತನಗೆ ಹಿತವೋ ಅದನ್ನೇ ಮಾಡುವುದು ಲೇಸು. ಒಗ್ಗದ ಬಸ್ಕಿಯನ್ನು ಎಂಟು ದಿನ ಮಾಡಿ ಬಿಡುವುದಕ್ಕಿಂತ ಒಗ್ಗಿದ್ದನ್ನು ಎಂಟು ವರ್ಷ ಮಾಡಿದವರು ಬಲಶಾಲಿಗಳು.

ತರುಣರಿಗೆ ಒಂದು ಎಚ್ಚರಿಕೆ. ಪೈಲ್ವಾನರ ಎಣಿಕೆ ವರ್ಷಗಟ್ಟಲೆ ಸಾಧಿಸಿದ್ದು. ಅಭ್ಯಾಸವಿಲ್ಲದವನು ಒಂದೇ ದಿನ ನೂರಾರು ಬಸ್ಕಿ ಹೊಡೆದರೆ ತೊಡೆಯ ಸ್ನಾಯುತಂತುಗಳು ಒಡೆದು ಅವುಗಳ ಒಳಗಿನ ಪದಾರ್ಥ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಗಳಿಗೆ ಘಾಸಿಯಾಗುತ್ತದೆ. ಒಂದೆರಡು ದಿನಗಳಲ್ಲಿ ತೊಡೆ ಬಾತು, ಅಸಹನೀಯ ನೋವಾಗಿ, ಮೂತ್ರ ಹಾಲಿಲ್ಲದ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾದರೆ ನನ್ನ ಬಳಿಗೂ ಬರಬೇಡಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ. ಮಕ್ಕಳಿಗೆ ಶಿಕ್ಷೆಯೆಂದು ನೂರು ಇನ್ನೂರು ಬಸ್ಕಿ ಹೊಡೆಸುವ ಮೇಷ್ಟರೂ ಇದನ್ನು ತಿಳಿದಿರಬೇಕು. ವ್ಯಾಯಾಮವನ್ನು ಅರ್ಧಶಕ್ತಿಗೆ ನಿಲ್ಲಿಸಬೇಕೆಂದು ವಾಗ್ಭಟರು ವಿಧಿಸಿರುವುದು ಸುಮ್ಮನಲ್ಲ. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರೊಡೆದು ಬಾಯಿ ಒಣಗತೊಡಗುವುದೇ ಅರ್ಧಶಕ್ತಿಯ ಗುರುತು.

ಈಗ ಹಿರಿಯರ ವಿಷಯ. ಮಂಡಿ ನೋವೆಂದು ಮಡಿಸುವುದನ್ನೇ ಬಿಟ್ಟರೆ ಆರಂಭದಲ್ಲಿ ನೋವು ಕಡಿಮೆಯಾದಂತೆ ತೋರುತ್ತದೆ. ಕೆಲವು ತಿಂಗಳಲ್ಲಿ ತೊಡೆ ಸೊರಗುತ್ತದೆ. ಕೀಲನ್ನು ಹಿಡಿದಿಡುವ ಸ್ನಾಯು ಸೊರಗಿದ ಮೇಲೆ ನೋವು ಇಮ್ಮಡಿಯಾಗಿ ಮರಳುತ್ತದೆ. ಆಮೇಲೆ ಶೌಚಾಲಯದಿಂದ ಏಳಲು ಕೈಯಾಸರೆ, ಬಸ್ಸಿನ ಮೆಟ್ಟಿಲಿಗೆ ಮೊಮ್ಮಗನ ಆಸರೆ, ಕಡೆಗೊಂದು ದಿನ ಬಚ್ಚಲಲ್ಲಿ ಜಾರುವುದು. ಇದನ್ನು ತಡೆಯಬಲ್ಲ ಬಸ್ಕಿ ಕುರ್ಚಿಯದು. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಎದ್ದು ನಿಲ್ಲಿ, ಮೂರು ಎಣಿಸುವಷ್ಟು ನಿಧಾನವಾಗಿ ಕುಳಿತುಕೊಳ್ಳಿ. ಹೀಗೆ ಐದು ಸಲ ಎದ್ದು ಕೂರಲು ಎಷ್ಟು ಕಾಲ ಹಿಡಿಯುತ್ತದೆಂಬುದು ಒಂದು ಪರೀಕ್ಷೆಯೂ ಹೌದು. ಪರೀಕ್ಷೆಗೆ ಮಾತ್ರ ಆದಷ್ಟು ಬೇಗ ಮಾಡಬೇಕು. 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಸ್ನಾಯುಬಲ ಕುಂದಿದೆಯೆಂದು 2019ರ ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಏಳಲಾಗದವರು ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರಿಸಿಕೊಳ್ಳಲಿ. ದಿನಬಿಟ್ಟು ದಿನ ಐದರಂತೆ ಎರಡು ಸರದಿ ಆರಂಭಕ್ಕೆ ಸಾಕು. ಒಂದೇ ಸರದಿಯಲ್ಲಿ ಹತ್ತು ಸಲೀಸಾದ ಮೇಲೆ ದಿಂಬು ತೆಗೆಯಿರಿ, ನಂತರ ಎರಡು ಕಿಲೋ ರಾಗಿಯನ್ನು ಎದೆಗವಚಿಕೊಳ್ಳಿ, ಇನ್ನೂ ಬಲ ಬಂದ ಮೇಲೆ ತಗ್ಗಿನ ಮಣೆಗೆ ಇಳಿಯಿರಿ.

ಎಣ್ಣೆಯ ಕುರಿತು ನಮ್ಮ ಜನರಿಗೆ ಅತಿಯಾದ ಭರವಸೆ. ಉಗುರುಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗದಿಂದ ಬಿಗಿತ ಸಡಿಲುತ್ತದೆ, ನೋವು ತಗ್ಗುತ್ತದೆ, ನಾನೂ ಹಚ್ಚಿಸುತ್ತೇನೆ. ಆದರೆ ಎಣ್ಣೆಯಿಂದ ತೊಡೆಗೆ ಬಲ ಬರುವುದಿಲ್ಲ. ಸ್ನಾಯು ಬೆಳೆಯಲು ಮುದ್ದೆಯ ಜೊತೆ ಹುರುಳಿಯೋ ಅವರೆಯೋ ತಟ್ಟೆಯಲ್ಲಿರಲಿ, ಮಜ್ಜಿಗೆ ಇರಲಿ.

ಬಸ್ಕಿಯ ವೇಳೆ ಉಸಿರು ಕಟ್ಟಬಾರದು. ಏಳುವಾಗ ಉಸಿರು ಬಿಡಬೇಕು. ಹತೋಟಿಗೆ ಬಾರದ ರಕ್ತದೊತ್ತಡ, ಅಂಡವಾಯು, ರಕ್ತ ಒಸರುವ ಮೂಲವ್ಯಾಧಿ, ಗರ್ಭಕೋಶ ಜಾರಿರುವುದು, ಇತ್ತೀಚಿನ ಶಸ್ತ್ರಚಿಕಿತ್ಸೆ ಇಂಥ ಸಂದರ್ಭಗಳಲ್ಲಿ ವೈದ್ಯರನ್ನು ಕೇಳದೆ ಬಸ್ಕಿ ಬೇಡ. ಕೃತಕ ಮಂಡಿ ಹಾಕಿಸಿಕೊಂಡವರು ಎಷ್ಟು ಮಡಿಸಬಹುದೆಂಬುದನ್ನು ಶಸ್ತ್ರವೈದ್ಯರೇ ಹೇಳಬೇಕು. ಉಳಿದವರಿಗೆ ಅಳತೆ ಸುಲಭ: ಬಸ್ಕಿಯಿಂದ ಆದ ಅಲ್ಪ ನೋವು ಮರುದಿನ ಬೆಳಗಿಗೆ ಮಾಯವಾದರೆ ಮುಂದುವರಿಸಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡರೆ, ಕುಸಿದಂತಾದರೆ ನಿಲ್ಲಿಸಿ ತೋರಿಸಿ. ಹೇಮಂತ ಋತು ಸಮೀಪಿಸುತ್ತಿದೆ. ವ್ಯಾಯಾಮಕ್ಕೆ ಶಾಸ್ತ್ರ ಒಪ್ಪುವ ಕಾಲ ಇದು. ಬೇಸಿಗೆಯಲ್ಲಿ ಆರಂಭಿಸಿ ಬಸವಳಿದವರು ಈಗ ಮತ್ತೆ ತೊಡಗಬಹುದು. ಬೆಳಿಗ್ಗೆ ಮಲಮೂತ್ರಾದಿಗಳು ಮುಗಿದ ಮೇಲೆ, ಉಪಾಹಾರಕ್ಕೆ ಮುಂಚೆ, ಕುರ್ಚಿಯೊಂದನ್ನು ಗೋಡೆಗೆ ಒತ್ತಿ.