ಡಿಕ್ಕಿಯೊಂದು ನಾದವಾದಾಗ

ಪ್ರಶ್ನೆ: ವಿಶ್ವದ ಹುಟ್ಟನ್ನು ನಾವು ಒಳಹೊಕ್ಕು ನೋಡುವಂಥ ಕಲಾಕೃತಿಯಾಗಿ ಯಾರಾದರೂ ಮಾಡಿದ್ದಾರೆಯೇ?

ಉತ್ತರ: ಮಾಡಿದ್ದಾರೆ. 'ಸೆಮಿಕಂಡಕ್ಟರ್' ಎಂಬ ಹೆಸರಿನಲ್ಲಿ ಜೊತೆಯಾಗಿ ದುಡಿಯುವ ಬ್ರಿಟನ್ನಿನ ಕಲಾವಿದರು ರೂತ್ ಜಾರ್ಮನ್ ಮತ್ತು ಜೋ ಗೆರ್ಹಾರ್ಟ್ 2018ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 'ಹೇಲೋ' ಎಂಬ ಕೃತಿಯನ್ನು ಪ್ರದರ್ಶಿಸಿದರು. ಅದೊಂದು ದೊಡ್ಡ ದುಂಡನೆಯ ರಚನೆ. ಒಳಗೆ ನಿಂತರೆ ಸುತ್ತಲೂ ಬೆಳಕಿನ ಚುಕ್ಕಿಗಳು ಹರಿಯುತ್ತವೆ. ಅವು ಬರಿಯ ಕಲ್ಪನೆಯಲ್ಲ. ಸರ್ನ್ ಪ್ರಯೋಗಾಲಯದ ಅಟ್ಲಾಸ್ ಶೋಧಕ ದಾಖಲಿಸಿದ ಪ್ರೋಟಾನ್ ಡಿಕ್ಕಿಗಳ ದತ್ತಾಂಶವೇ ಅವುಗಳ ಮೂಲ. ವಿಶ್ವ ಹುಟ್ಟಿದ ಮರುಕ್ಷಣದ ಸ್ಥಿತಿಯನ್ನು ಆ ಡಿಕ್ಕಿಗಳು ಪುಟ್ಟದಾಗಿ ಮರುಸೃಷ್ಟಿಸುತ್ತವೆ. ಅದೇ ದತ್ತಾಂಶ ಪುಟ್ಟ ಸುತ್ತಿಗೆಗಳನ್ನೂ ನಡೆಸುತ್ತದೆ. ಅವು ಸುತ್ತ ನೆಟ್ಟಗೆ ಬಿಗಿದ ಪಿಯಾನೊ ತಂತಿಗಳನ್ನು ಬಡಿಯುತ್ತವೆ. ಕಣ್ಣಿಗೆ ಕಾಣದ ಡಿಕ್ಕಿ ಕಿವಿಗೆ ನಾದವಾಗಿ ಬರುವುದು, ನನ್ನ ಮಟ್ಟಿಗೆ, ಈ ಕೃತಿಯ ಜೀವಾಳ.

ಆದರೆ 'ಹೇಲೋ' ಹೇಳುವುದು ವಿಶ್ವದ ಕಥೆಯ ಮೊದಲ ಕ್ಷಣವನ್ನು ಮಾತ್ರ. ಮಹಾಸ್ಫೋಟ ಕೊಟ್ಟದ್ದು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ. ಜೀವಕ್ಕೆ ಬೇಕಾದ ಇಂಗಾಲ ಹುಟ್ಟಿದ್ದು ಆಮೇಲೆ, ನಕ್ಷತ್ರಗಳ ಒಡಲಲ್ಲಿ, ಮೂರು ಹೀಲಿಯಂ ನ್ಯೂಕ್ಲಿಯಸ್‌ಗಳು ಕೂಡಿ. ಹಾಗಾಗಬೇಕಾದರೆ ಇಂಗಾಲದ ನ್ಯೂಕ್ಲಿಯಸ್ಸಿಗೆ ಒಂದು ವಿಶೇಷ ಶಕ್ತಿಮಟ್ಟ ಇರಲೇಬೇಕೆಂದು ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಪಟ್ಟುಹಿಡಿದರು. 1953ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ವಿಜ್ಞಾನಿಗಳು ಅದನ್ನು ಹುಡುಕಿದರು. ಹಾಯ್ಲ್ ಹೇಳಿದಲ್ಲೇ ಅದು ಸಿಕ್ಕಿತು. ಈ ಘಟನೆಗೂ ಯಾರಾದರೂ ತಂತಿ ಬಿಗಿಯಲಿ ಎಂಬುದು ನನ್ನ ಬಹುದಿನದ ಆಸೆ.