ಕ್ಷಣವನ್ನು ಬರೆಯುವ ಗಡಿಯಾರ



ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಹುಮನಾಬಾದ್ ಎಂಬ ಪಟ್ಟಣವಿರುವುದಷ್ಟೆ. ಅದರ ಸಮೀಪದ ಜಲಸಂಗಿ ಗ್ರಾಮದಲ್ಲಿ ಕಲ್ಯಾಣದ ಚಾಳುಕ್ಯರ ಕಾಲದ ದೇವಾಲಯವೊಂದುಂಟು. ಅದರ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆಯು ಮೈ ಬಳುಕಿಸಿ ನಿಂತು ಅಕ್ಷರಗಳನ್ನು ಬರೆಯುತ್ತಿರುವಳು. ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು. ಇಂದು ನಾವು ಬಸವಕಲ್ಯಾಣವೆಂದು ಕರೆಯುವ ಊರೇ ಆ ಚಕ್ರವರ್ತಿಯ ರಾಜಧಾನಿ. ಪಟ್ಟಕ್ಕೆ ಬಂದ ೧೦೭೬ರಲ್ಲಿ ಆತನು ರೂಢಿಯಲ್ಲಿದ್ದ ಶಕವರ್ಷದ ಎಣಿಕೆಯನ್ನು ಬದಿಗಿರಿಸಿ, ಚಾಳುಕ್ಯ ವಿಕ್ರಮವರ್ಷವೆಂಬ ಹೊಸ ಎಣಿಕೆಯನ್ನು ಆರಂಭಿಸಿದನು. ಕಾಲವು ತನ್ನ ಪಾಡಿಗೆ ತಾನು ಹರಿದುಹೋಗುತ್ತಿರುವುದು. ಅದರ ಮೇಲೆ ಎಲ್ಲಿಯಾದರೂ ಒಂದು ಗುರುತು ಹಾಕಿ, 'ಇಲ್ಲಿಂದ ಎಣಿಸಿರಿ' ಎನ್ನಬೇಕೆಂಬುದು ಮನುಷ್ಯನ ಬಹು ಹಳೆಯ ಹಂಬಲ.

ಆ ಅರಸನು ವರ್ಷಗಳಿಗೆ ಮಾಡಿದುದನ್ನು ಕ್ಷಣಗಳಿಗೆ ಮಾಡಿಕೊಡುವ ಒಂದು ಸಣ್ಣ ಯಂತ್ರವನ್ನೂ, ಅದರ ಬೆನ್ನು ಹತ್ತಿದ ಸಂಗ್ರಾಹಕರನ್ನೂ ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಆ ಯಂತ್ರಕ್ಕೆ ಕ್ರೊನೊಗ್ರಾಫ್ ಎಂದು ಹೆಸರು. ಗ್ರೀಕರ ನುಡಿಯಲ್ಲಿ 'ಕ್ರೊನೊಸ್' ಎಂದರೆ ಕಾಲ. 'ಗ್ರಾಫೊ' ಎಂದರೆ ಬರೆಯುತ್ತೇನೆ. ನಮ್ಮ ಮಾತಿನಲ್ಲಿ 'ಕಾಲಲೇಖಕ' ಎನ್ನಬಹುದು. ಇದನ್ನು ಕ್ರೊನೊಮೀಟರಿನೊಡನೆ ಕಲಸಿಕೊಳ್ಳಬಾರದು. ಅತಿ ಕರಾರುವಾಕ್ಕಾಗಿ ನಡೆಯುವುದೆಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ಗಡಿಯಾರವು ಕ್ರೊನೊಮೀಟರು. ಹೊತ್ತು ತೋರಿಸುವುದರ ಜೊತೆಗೆ, ನಾವು ಬೇಕೆಂದಾಗ ಹೊರಟು, ಬೇಕೆಂದಾಗ ನಿಂತು, ಮತ್ತೆ ಸೊನ್ನೆಗೆ ಮರಳುವ ಬೇರೊಂದು ಮುಳ್ಳನ್ನು ಪಡೆದಿರುವುದು ಕ್ರೊನೊಗ್ರಾಫು.

ನಮ್ಮ ಹಿರಿಯರಿಗೂ ಕಾಲವನ್ನು ತುಂಡುಮಾಡಿ ಅಳೆಯುವ ಸಾಧನವಿಲ್ಲದಿರಲಿಲ್ಲ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಎಂದರೆ ೨೪ ನಿಮಿಷ, ಕಳೆಯುತ್ತಿತ್ತು. ಮದುವೆಯ ಮುಹೂರ್ತಕ್ಕೆ ಅಷ್ಟು ಸಾಕು. ಕುದುರೆಯ ಓಟಕ್ಕೆ ಸಾಲದು. ೧೮೨೧ರಲ್ಲಿ ಪ್ಯಾರಿಸ್ ನಗರದ ಕುದುರೆ ಪಂದ್ಯದಲ್ಲಿ ನಿಕೊಲಾ ರಿಯುಸೆಕ್ ಎಂಬ ಗಡಿಯಾರಗಾರನು ಒಂದು ಪೆಟ್ಟಿಗೆಯನ್ನು ತಂದಿರಿಸಿದನು. ಅದರೊಳಗೆ ತಿರುಗುವ ಬಿಲ್ಲೆ. ಅದರ ಮೇಲೆ ಶಾಯಿ ತುಂಬಿದ ಮೊನೆ. ಕುದುರೆಯು ಗೆರೆಯನ್ನು ದಾಟಿದೊಡನೆ ಗುಂಡಿಯನ್ನು ಒತ್ತಿದರೆ ಬಿಲ್ಲೆಯ ಮೇಲೆ ಒಂದು ಶಾಯಿಯ ಚುಕ್ಕೆ ಬೀಳುವುದು. ಈ ಯಂತ್ರವು ನಿಜವಾಗಿಯೂ ಕಾಲವನ್ನು ಬರೆಯುತ್ತಿತ್ತು. ಹೆಸರು ಬಂದುದೂ ಅದರಿಂದಲೇ. ಇವನಿಗಿಂತ ಐದು ವರ್ಷ ಮೊದಲೇ, ೧೮೧೬ರಲ್ಲಿ, ಲೂಯಿ ಮ್ವಾನೆ ಎಂಬವನು ನಕ್ಷತ್ರವೀಕ್ಷಣೆಗಾಗಿ ಸೆಕೆಂಡಿನ ೬೦ನೆಯ ಒಂದು ಭಾಗವನ್ನು ಎಣಿಸುವ ಗಡಿಯಾರವನ್ನು ಮಾಡಿದ್ದನೆಂಬುದು ಲೋಕಕ್ಕೆ ತಿಳಿದುಬಂದದ್ದು ೨೦೧೩ರಲ್ಲಿ. ಹೀಗೆ ಮೊದಲಿಗನೆಂಬ ಕೀರ್ತಿಯು ಇನ್ನೂರು ವರ್ಷಗಳ ತರುವಾಯ ಕೈ ಬದಲಾಯಿಸಿತು.

ಈಗ ಯಂತ್ರದ ಒಳಗನ್ನು ಕೊಂಚ ನೋಡೋಣ. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗು ಹಲ್ಲುಚಕ್ರಗಳನ್ನು ನೂಕುತ್ತದೆ. ಕೂದಲೆಳೆಯಷ್ಟು ತೆಳುವಾದ ಇನ್ನೊಂದು ಸ್ಪ್ರಿಂಗಿನೊಡನೆ ಅತ್ತಿತ್ತ ಓಲಾಡುವ ಚಕ್ರವು ಆ ನೂಕನ್ನು ಸಮಸಮವಾದ ಹೆಜ್ಜೆಗಳಾಗಿ ಕತ್ತರಿಸುತ್ತದೆ. ಹಳೆಯ ಕೈಗಡಿಯಾರಗಳಲ್ಲಿ ಸಾಮಾನ್ಯವಾಗಿ ಗಂಟೆಗೆ ೧೮,೦೦೦ ಹೆಜ್ಜೆ. ಎಂದರೆ ಸೆಕೆಂಡಿಗೆ ಐದು. ಆದುದರಿಂದಲೇ ಅವು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಅಳೆಯಲಾರವು. ಎಲ್ಲ ಗಡಿಯಾರಗಳಿಗೂ ಸಮಾನವಾದದ್ದು ಇಷ್ಟು. ಕ್ರೊನೊಗ್ರಾಫಿನಲ್ಲಿ ಇದರ ಮೇಲೊಂದು ಎರಡನೆಯ ಅಂತಸ್ತು ಇರುವುದು. ಗುಂಡಿಯನ್ನು ಒತ್ತಿದಾಗ, ಸಣ್ಣ ಸಣ್ಣ ಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿದಂತಿರುವ ಒಂದು ಚಕ್ರವು ಒಂದೇ ಹಲ್ಲಿನಷ್ಟು ತಿರುಗುತ್ತದೆ. ಕಂಬಗಳ ನಡುವಣ ಸಂದಿಗೆ ಒಂದು ಸನ್ನೆಯ ತುದಿ ಇಳಿಯುತ್ತದೆ. ಆಗ ನಡೆಯುತ್ತಿರುವ ಚಕ್ರವೊಂದು ಸುಮ್ಮನಿದ್ದ ಚಕ್ರವನ್ನು ಮೆಲ್ಲನೆ ತಬ್ಬಿಕೊಂಡು ತನ್ನೊಡನೆ ಕರೆದೊಯ್ಯುತ್ತದೆ; ಮುಳ್ಳು ಹೊರಡುತ್ತದೆ. ಎರಡನೆಯ ಬಾರಿ ಒತ್ತಿದರೆ ತಬ್ಬುಗೆ ಬಿಟ್ಟು ಮುಳ್ಳು ನಿಲ್ಲುವುದು.

ಇನ್ನು ಉಳಿದುದು ಸೊನ್ನೆಗೆ ಮರಳುವ ಚಮತ್ಕಾರ. ಮುಳ್ಳು ಎಲ್ಲಿಯೇ ನಿಂತಿರಲಿ, ಹತ್ತರಲ್ಲಾಗಲಿ ನಲವತ್ತೇಳರಲ್ಲಾಗಲಿ, ಒಂದೇ ಒತ್ತಿಗೆ ಅದು ಹನ್ನೆರಡರ ಗುರುತಿಗೆ ಹಾರಿ ಬರಬೇಕು. ಇದಕ್ಕೆ ೧೮೪೪ರಲ್ಲಿ ಲಂಡನ್ನಿನಲ್ಲಿದ್ದ ಅಡಾಲ್ಫ್ ನಿಕೋಲ್ ಎಂಬವನು ಕಂಡುಕೊಂಡ ಉಪಾಯ ಬಹಳ ಸರಳವಾದುದು. ಮುಳ್ಳಿನ ಅಚ್ಚಿಗೆ ಹೃದಯದ ಆಕಾರದ ಪುಟ್ಟ ಉಕ್ಕಿನ ಬಿಲ್ಲೆಯನ್ನು ಕೂಡಿಸಿದನು. ಅದರ ಮೇಲೆ ಸುತ್ತಿಗೆಯೊಂದು ಬಿದ್ದೊಡನೆ, ಬಿಲ್ಲೆಯು ಜಾರುತ್ತ ಜಾರುತ್ತ ತನ್ನ ಮೇಲ್ಗಡೆಯ ತಗ್ಗಿಗೇ ಬಂದು ನಿಲ್ಲುವುದು. ಹೃದಯಕ್ಕೆ ಇರುವ ತಗ್ಗು ಒಂದೇ ಆದುದರಿಂದ ಮುಳ್ಳಿಗೆ ಸೇರುವ ತಾಣವೂ ಒಂದೇ. ಇಂದಿನ ಬಹುಮಟ್ಟಿನ ಯಾಂತ್ರಿಕ ಕ್ರೊನೊಗ್ರಾಫುಗಳಲ್ಲಿಯೂ ಈ ಹೃದಯವೇ ಕೆಲಸ ಮಾಡುತ್ತಿದೆ.

ಇದರಿಂದ ಪ್ರಯೋಜನವೇನೆಂದು ಕೇಳುವಿರಾದರೆ, ಗಡಿಯಾರದ ಅಂಚಿನಲ್ಲಿರುವ ಅಂಕಿಗಳನ್ನು ನೋಡಬೇಕು. ವೈದ್ಯರ ಕ್ರೊನೊಗ್ರಾಫಿನಲ್ಲಿ ನಾಡಿಯ ೩೦ ಬಡಿತಗಳನ್ನು ಎಣಿಸಿ ಗುಂಡಿ ಒತ್ತಿದರೆ ಸಾಕು. ಅಷ್ಟಕ್ಕೆ ೨೫ ಸೆಕೆಂಡು ಹಿಡಿದಿದ್ದರೆ, ಮುಳ್ಳಿನ ಎದುರಿಗೇ ನಿಮಿಷಕ್ಕೆ ೭೨ ಎಂಬ ಅಂಕಿ ಕಾಣುವುದು. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಮೋಟಾರಿನಲ್ಲಿ ಹೋಗುತ್ತಿರುವವರು ಒಂದು ಕಿಲೋಮೀಟರು ಕಲ್ಲಿನಿಂದ ಮುಂದಿನ ಕಲ್ಲಿಗೆ ೪೫ ಸೆಕೆಂಡಿನಲ್ಲಿ ತಲುಪಿದರೆ, ವೇಗವು ಗಂಟೆಗೆ ೮೦ ಕಿಲೋಮೀಟರೆಂದು ಇನ್ನೊಂದು ಬಗೆಯ ಅಂಚು ತಿಳಿಸುವುದು. ಮಳೆಗಾಲದಲ್ಲಿ ಮಿಂಚು ಹೊಳೆದಾಗ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿದರೆ, ೯ ಸೆಕೆಂಡಿಗೆ ಸುಮಾರು ೩ ಕಿಲೋಮೀಟರಿನಂತೆ ಸಿಡಿಲಿನ ದೂರವೂ ಗೊತ್ತಾಗುವುದು. ಲೆಕ್ಕವನ್ನು ಮಾಡುವವನು ಗಡಿಯಾರಗಾರನು. ಅದನ್ನು ಓದಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.

ಜೇಬಿನಲ್ಲಿದ್ದ ಈ ಯಂತ್ರವು ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವಿಟ್ಜರ್ಲೆಂಡಿನ ಲಾಂಜೀನ್ಸ್ ಸಂಸ್ಥೆಯು ೧೯೧೩ರಲ್ಲಿ ಕೈಗಡಿಯಾರಕ್ಕೆಂದೇ ಒಂದು ಕ್ರೊನೊಗ್ರಾಫ್ ಯಂತ್ರವನ್ನು ನಿರ್ಮಿಸಿತು. ೧೯೩೪ರಲ್ಲಿ ಬ್ರೈಟ್‌ಲಿಂಗ್ ಸಂಸ್ಥೆಯವರು ಸೊನ್ನೆಗೆ ಮರಳಿಸಲು ಪ್ರತ್ಯೇಕವಾದ ಎರಡನೆಯ ಗುಂಡಿಯನ್ನು ಸೇರಿಸಿದರು. ಇಂದು ನಮಗೆ ಪರಿಚಿತವಾದ ರೂಪವು ಆಗ ಬಂದಿತು. ತಾನಾಗಿ ಕೀ ಸುತ್ತಿಕೊಳ್ಳುವ ಕ್ರೊನೊಗ್ರಾಫುಗಳು ಬಂದುದು ೧೯೬೯ರಲ್ಲಿ. ಅವುಗಳಲ್ಲೊಂದಾದ ಜೆನಿತ್ ಸಂಸ್ಥೆಯ ಎಲ್ ಪ್ರಿಮೇರೊ ಗಂಟೆಗೆ ೩೬,೦೦೦ ಹೆಜ್ಜೆ ಹಾಕಿ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಎಣಿಸಿತು. ಈ ನಡುವೆ ೧೯೬೫ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಒಮೆಗಾ ಸ್ಪೀಡ್‌ಮಾಸ್ಟರ್ ಎಂಬ, ಕೈಯಿಂದ ಕೀ ಕೊಡುವ ಕ್ರೊನೊಗ್ರಾಫನ್ನು ಗಗನಯಾತ್ರಿಗಳಿಗೆ ಯೋಗ್ಯವೆಂದು ಒಪ್ಪಿತು. ೧೯೭೦ರ ಏಪ್ರಿಲಿನಲ್ಲಿ ಅಪೊಲೊ ೧೩ ನೌಕೆಯು ಅಪಘಾತಕ್ಕೀಡಾಗಿ, ವಿದ್ಯುತ್ತನ್ನು ಉಳಿಸಲು ಉಪಕರಣಗಳನ್ನು ಆರಿಸಬೇಕಾಗಿ ಬಂದಾಗ, ದಾರಿಯನ್ನು ತಿದ್ದಿಕೊಳ್ಳಲು ಎಂಜಿನನ್ನು ಸರಿಯಾಗಿ ೧೪ ಸೆಕೆಂಡು ಉರಿಸಬೇಕಾಯಿತು. ಅದನ್ನು ಅಳೆದು ಹೇಳಿದುದು ಇಂತಹ ಕೈಗಡಿಯಾರವೇ.

ಹೀಗಿರುವಾಗ ಈ ವಸ್ತುವಿನ ಬೆನ್ನು ಹತ್ತುವ ಸಂಗ್ರಾಹಕರು ಹುಟ್ಟಿದುದು ಆಶ್ಚರ್ಯವಲ್ಲ. ಅವರ ಕಣ್ಣು ಚಿನ್ನದ ಮೇಲಿರುವುದೆಂದು ತಿಳಿಯುವುದು ತಪ್ಪು. ನಿಜವಾದ ಸಂಗ್ರಾಹಕನು ಮೊದಲು ಹಿಂಬದಿಯ ಮುಚ್ಚಳವನ್ನು ತೆಗೆಸಿ, ಕಂಬಗಳ ಚಕ್ರವಿದೆಯೇ, ಅಗ್ಗದ ಬಿಲ್ಲೆಯಿದೆಯೇ ಎಂದು ನೋಡುವನು. ಮುಖಫಲಕದ ಬಣ್ಣವು ಹುಟ್ಟಿನಿಂದ ಬಂದುದೋ, ತರುವಾಯ ಬಳಿದುದೋ ಎಂದು ಪರೀಕ್ಷಿಸುವನು. ಫಳಫಳನೆ ಹೊಳೆಯುವಂತೆ ಉಜ್ಜಿಸಿದ ಕವಚಕ್ಕಿಂತ ಗೀರುಗಳುಳ್ಳ ಹಳೆಯ ಕವಚವನ್ನೇ ಹೆಚ್ಚಾಗಿ ಮೆಚ್ಚುವನು. ಹತ್ತು ಗಡಿಯಾರಗಳ ಅವಯವಗಳನ್ನು ಕೂಡಿಸಿ ಒಂದನ್ನು ಮಾಡಿ ಮಾರುವ ಮೋಸವೂ ಪೇಟೆಯಲ್ಲಿ ಉಂಟಾದುದರಿಂದ, ಈ ಅಭ್ಯಾಸವು ಒಂದು ವಿದ್ಯೆಯೇ ಆಗಿದೆ. ೨೦೧೭ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಚಿತ್ರನಟ ಪಾಲ್ ನ್ಯೂಮನ್ನನ ರೋಲೆಕ್ಸ್ ಡೇಟೋನಾ ಕ್ರೊನೊಗ್ರಾಫು ೧ ಕೋಟಿ ೭೭ ಲಕ್ಷ ಡಾಲರುಗಳಿಗೆ ಹೋಯಿತು. ಅದು ಬರಿಯ ಉಕ್ಕಿನ ಗಡಿಯಾರ. ಮೋಟಾರು ಪಂದ್ಯಗಳಲ್ಲಿ ಓಡುತ್ತಿದ್ದ ಗಂಡನಿಗೆ, ಜೋಪಾನವಾಗಿ ವಾಹನ ನಡೆಸೆಂದು ಬೆನ್ನಿನ ಮೇಲೆ ಕೆತ್ತಿಸಿ ಹೆಂಡತಿ ಕೊಟ್ಟಿದ್ದಳು. ಮುಂದೆ ನ್ಯೂಮನ್ನನು ಅದನ್ನು ತನ್ನ ಮಗಳ ಸ್ನೇಹಿತನೊಬ್ಬನಿಗೆ ಸುಮ್ಮನೆ ಕೊಟ್ಟುಬಿಟ್ಟನು.

ಇಂತಹ ಬೆಲೆಗಳನ್ನು ಕೇಳಿದಾಗ, ಗಡಿಯಾರವನ್ನು ಉಳಿಸುವವನು ಹಣವಂತನೇ ಎಂದು ತೋರುವುದು ಸಹಜ. ಆದರೆ ಚರಿತ್ರೆಯು ಬೇರೊಂದು ಸಂಗತಿಯನ್ನು ಹೇಳುತ್ತದೆ. ೧೯೬೯ರ ಕೊನೆಯಲ್ಲಿ ಜಪಾನಿನ ಸೈಕೋ ಸಂಸ್ಥೆಯು ಸ್ಫಟಿಕದ ಕಂಪನದಿಂದ ನಡೆಯುವ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಕೆಲವೇ ವರ್ಷಗಳಲ್ಲಿ ಯಾಂತ್ರಿಕ ಗಡಿಯಾರದ ಕಾಲ ಮುಗಿಯಿತೆಂದು ಎಲ್ಲರೂ ಬಗೆದರು. ಜೆನಿತ್ ಕಾರ್ಖಾನೆಯ ಅಮೆರಿಕದ ಒಡೆಯರು ೧೯೭೫ರಲ್ಲಿ, ಎಲ್ ಪ್ರಿಮೇರೊವನ್ನು ಮಾಡುವ ಅಚ್ಚುಗಳನ್ನೂ ಉಪಕರಣಗಳನ್ನೂ ಗುಜರಿಗೆ ಹಾಕಬೇಕೆಂದು ಅಪ್ಪಣೆ ಕೊಟ್ಟರು. ಅಲ್ಲಿನ ಕೆಲಸಗಾರ ಶಾರ್ಲ್ ವೆರ್ಮೊ ಎಂಬಾತನು ಬಿನ್ನವಿಸಿಕೊಂಡನು, ಯಾರೂ ಕೇಳಲಿಲ್ಲ. ಆಗ ಅವನು ಅವುಗಳನ್ನೆಲ್ಲ ಒಂದೊಂದಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟನು. ಯಾವುದು ಯಾವ ಕೆಲಸಕ್ಕೆಂಬುದನ್ನೂ ಬರೆದಿರಿಸಿದನು. ಸುಮಾರು ಹತ್ತು ವರ್ಷಗಳ ಮೇಲೆ ಲೋಕವು ಯಾಂತ್ರಿಕ ಗಡಿಯಾರವನ್ನು ಮತ್ತೆ ಬಯಸಿದಾಗ, ಆ ಅಟ್ಟದಿಂದಲೇ ಎಲ್ ಪ್ರಿಮೇರೊ ಮರಳಿ ಬಂದಿತು. ಗಡಿಯಾರಗಳನ್ನು ಕೂಡಿಟ್ಟವರು ಅನೇಕರು. ಗಡಿಯಾರವನ್ನು ಮಾಡುವ ತಿಳಿವಳಿಕೆಯನ್ನು ಕೂಡಿಟ್ಟವನು ಈತನು.

ಇದೇ ಮಾತನ್ನು ನಮ್ಮ ನೆರೆಯಲ್ಲಿಯೂ ಕಾಣಬಹುದು. ಕಲ್ಯಾಣ ಹುಮನಾಬಾದುಗಳ ನಾಡು ಹಿಂದೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದುದು. ಅಲ್ಲಿಂದ ಹೆದ್ದಾರಿಯನ್ನು ಹಿಡಿದು ಮೂಡಲಿಗೆ ಹೋದರೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಸಿಗುವುದು. ಆ ಸಂಸ್ಥಾನದ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗರು ಪದವಿಯನ್ನು ಬಿಟ್ಟು, ತಮ್ಮ ಉಳಿದ ಆಯುಷ್ಯವನ್ನೆಲ್ಲ ಸಂಗ್ರಹಕ್ಕಾಗಿ ಮುಡಿಪಾಗಿಟ್ಟರು. ಶಿಲ್ಪ, ಚಿತ್ರ, ಹಸ್ತಪ್ರತಿಗಳ ಜೊತೆಗೆ ದೇಶದೇಶಗಳ ಗಡಿಯಾರಗಳನ್ನೂ ಕೂಡಿಸಿದರು. ೧೯೪೯ರಲ್ಲಿ ಅವಿವಾಹಿತರಾಗಿಯೇ ಕಾಲವಾದರು. ೧೯೫೧ರ ಡಿಸೆಂಬರ್ ೧೬ರಂದು ನೆಹರೂರವರು ಸಂಗ್ರಹಾಲಯವನ್ನು ಸಾರ್ವಜನಿಕರಿಗೆ ತೆರೆದರು; ೧೯೬೧ರಲ್ಲಿ ಪಾರ್ಲಿಮೆಂಟು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. ಅಲ್ಲಿನ ಸಾವಿರಾರು ಅಮೂಲ್ಯ ವಸ್ತುಗಳ ನಡುವೆ ಜನರು ಗುಂಪುಗೂಡಿ ಕಾದು ಕುಳಿತುಕೊಳ್ಳುವುದು ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಸಂಸ್ಥೆಯ ಒಂದು ಗಡಿಯಾರದ ಮುಂದೆ. ಅದರೊಳಗಿನ ಪುಟ್ಟ ಕಮ್ಮಾರನು ಸೆಕೆಂಡು ಸೆಕೆಂಡಿಗೂ ಸುತ್ತಿಗೆ ಹೊಡೆಯುವನು. ಗಂಟೆಗೊಮ್ಮೆ ಗಡ್ಡದ ಮನುಷ್ಯನೊಬ್ಬನು ಬಾಗಿಲು ತೆರೆದು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುವನು. ಇದು ಬೆಲೆಬಾಳುವುದೆಂಬ ಕಾರಣಕ್ಕಾಗಿ ಮಕ್ಕಳು ನೋಡುವುದಿಲ್ಲ. ಇಂದಿಗೂ ನಡೆಯುತ್ತಿದೆ ಎಂಬ ಕಾರಣಕ್ಕಾಗಿ ನೋಡುತ್ತಾರೆ. ಕೀ ಕೊಡುವ ಕೈಯೊಂದು ಅಲ್ಲಿ ಇಲ್ಲದಿದ್ದರೆ ಅದು ಕಪಾಟಿನ ಮರವಷ್ಟೆ.

ಯಾಂತ್ರಿಕ ಗಡಿಯಾರದ ಸ್ವಭಾವವೇ ಹೀಗೆ. ತಿಜೋರಿಯಲ್ಲಿ ಭದ್ರವಾಗಿಟ್ಟರೂ ಅದರ ಎಣ್ಣೆ ಒಣಗುವುದು. ಒಣಗಿದ ಮೇಲೆ ನಡೆಸಿದರೆ ಅಚ್ಚುಗಳು ಸವೆಯುವುವು. ಕೆಲವು ವರ್ಷಗಳಿಗೊಮ್ಮೆ ಬಲ್ಲವನೊಬ್ಬನು ಅದನ್ನು ಪೂರ್ತಿಯಾಗಿ ಬಿಚ್ಚಿ, ತೊಳೆದು, ಸೂಜಿಯ ಮೊನೆಯಷ್ಟು ಎಣ್ಣೆಯನ್ನು ತಕ್ಕ ತಾಣಗಳಲ್ಲಿಟ್ಟು ಕೂಡಿಸಬೇಕು. ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ೧೯೬೧ರಲ್ಲಿ ಗಡಿಯಾರಗಳನ್ನು ಮಾಡತೊಡಗಿದ ಮೇಲೆ, 'ಜನತಾ' ಮೊದಲಾದ ಕೀ ಕೊಡುವ ಗಡಿಯಾರಗಳು ಸಾಮಾನ್ಯರ ಕೈಗೂ ಬಂದುವು. ಅವುಗಳನ್ನು ನೋಡಿಕೊಳ್ಳಲು ಪೇಟೆಪೇಟೆಯಲ್ಲಿ, ಕಣ್ಣಿಗೆ ಕರಿಯ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು ಕುಳಿತ ರಿಪೇರಿಗಾರರಿದ್ದರು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸರ್ಕಾರವು ಒಪ್ಪಿತು. ಗಡಿಯಾರಗಳನ್ನು ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಿದ್ದಾರೆ. ರಿಪೇರಿಗಾರನ ಮೇಜಿನ ಬಳಿಯಲ್ಲಿ ಕುಳಿತು ಕಲಿಯುವ ಹುಡುಗರನ್ನು ಹುಡುಕುವವರು ವಿರಳ. ಸಾಮಾನ್ಯ ಗಡಿಯಾರದ ಪಾಡೇ ಹೀಗಾದರೆ, ಅದಕ್ಕಿಂತ ಎಷ್ಟೋ ಜಟಿಲವಾದ ಕ್ರೊನೊಗ್ರಾಫಿನ ಪಾಡನ್ನು ಬೇರೆ ಹೇಳಬೇಕಾದುದಿಲ್ಲ.

ಆದುದರಿಂದ ಶ್ರೋತೃಗಳಲ್ಲಿ ಈ ಹವ್ಯಾಸವುಳ್ಳವರಿಗೆ ನನ್ನದೊಂದು ವಿನಂತಿ. ಮುಂದಿನ ಗಡಿಯಾರವನ್ನು ಕೊಳ್ಳುವ ಮುನ್ನ, ಈಗಿರುವುದು ನಡೆಯುತ್ತಿದೆಯೇ ಎಂದು ನೋಡಿರಿ. ಅದನ್ನು ಬಿಚ್ಚಿ ಜೋಡಿಸಬಲ್ಲವನನ್ನು ಹುಡುಕಿರಿ; ಅವನ ಕೆಲಸಕ್ಕೆ ತಕ್ಕ ಬೆಲೆಯನ್ನು ಕೊಡಿರಿ; ಅವನು ಮಾಡಿದುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ನಿಮ್ಮ ಮಕ್ಕಳಿಗೆ ಗಡಿಯಾರದೊಡನೆ ಆ ಪುಸ್ತಕವೂ ಸೇರಲಿ. ಜಲಸಂಗಿಯ ಶಿಲಾಬಾಲಿಕೆ ಬರೆದುದು ಕಲ್ಲಾದುದರಿಂದ, ನೋಡಿಕೊಳ್ಳುವವರು ಇಲ್ಲದ ಕಾಲದಲ್ಲಿಯೂ ಉಳಿದುಕೊಂಡು ಬಂದಿತು. ಕ್ಷಣವನ್ನು ಬರೆಯುವ ಈ ಪುಟ್ಟ ಯಂತ್ರಕ್ಕೆ ಆ ಭಾಗ್ಯವಿಲ್ಲ. ಬಲ್ಲವರ ಕೈಯಿಂದ ಬಲ್ಲವರ ಕೈಗೆ ಹೋಗುತ್ತಿದ್ದರೆ ಮಾತ್ರ ಅದು ನಡೆಯುತ್ತಿರುವುದು.