ಚಿಕ್ಕ ಸೌರವಿದ್ಯುತ್ ವ್ಯವಸ್ಥೆಯಲ್ಲಿ ಅಂಗಗಳ ಹೊಂದಾಣಿಕೆ

ಸೂರ್ಯಪ್ರಕಾಶವನ್ನು ನೇರವಾಗಿ ವಿದ್ಯುಚ್ಛಕ್ತಿಯನ್ನಾಗಿ ಮಾರ್ಪಡಿಸುವ ಸಿಲಿಕಾನ್ ಕೋಶವು ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ವಿದ್ಯುತ್ತನ್ನು ಕೂಡಿಡಬಲ್ಲ ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ಅದಕ್ಕೂ ಬಹು ಹಿಂದೆ, ೧೮೫೯ರಲ್ಲಿ, ರಚಿಸಿದ್ದನು. ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಈ ಎರಡು ಸಾಧನಗಳು ಇಂದು, ವಿದ್ಯುತ್ ತಂತಿಯನ್ನು ನೆಚ್ಚಲಾಗದ ಒಂಟಿ ಮನೆಗಳಲ್ಲಿ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ದುಡಿಯಬೇಕಾಗಿದೆ. ಎತ್ತುಗಳು ಒಂದೊಂದೂ ಉತ್ತಮವಾಗಿದ್ದು ಜೋಡಿ ಸರಿಬಾರದಿದ್ದರೆ ಉಳುಮೆ ಕೆಡುವುದಷ್ಟೆ. ಸೌರವಿದ್ಯುತ್ತಿನ ವಿಷಯದಲ್ಲಿಯೂ ಹಾಗೆಯೇ. ಒಳ್ಳೆಯ ಫಲಕ, ಒಳ್ಳೆಯ ಬ್ಯಾಟರಿಗಳನ್ನು ಕೊಂಡ ಮನೆಯೂ ಎರಡು ವರ್ಷಗಳೊಳಗೆ ಮರಳಿ ಕತ್ತಲೆಗೆ ಬೀಳುವುದುಂಟು. ಇದನ್ನು ತಪ್ಪಿಸುವ ಲೆಕ್ಕದ ಕ್ರಮವನ್ನು ಮಲೆನಾಡಿನ ಒಂದು ಸಾಮಾನ್ಯ ಮನೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಂಡು ಇಲ್ಲಿ ವಿವರಿಸಲಾಗಿದೆ.

ಅನೇಕರು ಮೊದಲು ಫಲಕವನ್ನು ಕೊಂಡು, ಆಮೇಲೆ ಅದಕ್ಕೆ ತಕ್ಕ ಬ್ಯಾಟರಿಯನ್ನು ಹುಡುಕುತ್ತಾರೆ. ಲೆಕ್ಕವು ಮನೆಯ ಬೇಡಿಕೆಯಿಂದ ಮೊದಲಾಗತಕ್ಕದ್ದು. ನಮ್ಮ ಮನೆಯಲ್ಲಿ ೮ ವಾಟಿನ ಐದು ಎಲ್.ಇ.ಡಿ. ದೀಪಗಳು ದಿನಕ್ಕೆ ೫ ಗಂಟೆ ಉರಿಯುತ್ತವೆ; ಇದು ೨೦೦ ವಾಟು-ಗಂಟೆ. ೪೦ ವಾಟಿನ ದೂರದರ್ಶನ ಯಂತ್ರ ೩ ಗಂಟೆ ನಡೆದರೆ ೧೨೦. ಮೊಬೈಲು, ರೇಡಿಯೋಗಳಿಗೆ ೪೦. ಒಟ್ಟು ಬೇಡಿಕೆ ದಿನಕ್ಕೆ ೩೬೦ ವಾಟು-ಗಂಟೆ.

ಇನ್ನು ಫಲಕ. ಅದರ ಬೆನ್ನ ಮೇಲೆ ನಮೂದಿಸಿರುವ ಶಕ್ತಿಯು ಚದರ ಮೀಟರಿಗೆ ೧೦೦೦ ವಾಟು ತೀಕ್ಷ್ಣತೆಯ ಬಿಸಿಲಿಗೂ ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೋಶಕ್ಕೂ ಅನ್ವಯಿಸುವ ಸಂಖ್ಯೆ. ದಿನವಿಡೀ ಬಿದ್ದ ಬೆಳಕನ್ನು ಇಂಥ ಪೂರ್ಣ ಬಿಸಿಲಿನ ಗಂಟೆಗಳಾಗಿ ಎಣಿಸುವುದು ರೂಢಿ. ಕರ್ನಾಟಕದ ಬಹುಭಾಗದಲ್ಲಿ ಇದರ ವಾರ್ಷಿಕ ಸರಾಸರಿ ದಿನಕ್ಕೆ ಸುಮಾರು ೫ ಗಂಟೆ. ಆದರೆ ಆಷಾಢ ಶ್ರಾವಣಗಳ ಮಳೆಯಲ್ಲಿ ಘಟ್ಟದ ಮನೆಗೆ ಈ ಸರಾಸರಿಯಿಂದ ಪ್ರಯೋಜನವಿಲ್ಲ. ಅಲ್ಲಿ ೩ ಗಂಟೆಯನ್ನೇ ಹಿಡಿದು ಲೆಕ್ಕಮಾಡುವುದು ಯುಕ್ತ. ಕೋಶದ ಕಾವು, ತಂತಿ, ನಿಯಂತ್ರಕ, ಬ್ಯಾಟರಿ ಇವುಗಳಲ್ಲಿ ಆಗುವ ನಷ್ಟಗಳನ್ನು ಕಳೆದರೆ ಫಲಕದ ಶಕ್ತಿಯಲ್ಲಿ ನೂರಕ್ಕೆ ೬೦ರಷ್ಟು ಮಾತ್ರ ದೀಪವನ್ನು ಸೇರುವುದೆಂದು ಭಾವಿಸೋಣ. ಹಾಗಾದರೆ ೩೬೦ಕ್ಕೆ ಬದಲು ೬೦೦ ವಾಟು-ಗಂಟೆ ಉತ್ಪನ್ನವಾಗಬೇಕು. ಸರಾಸರಿಯನ್ನು ನಂಬಿದರೆ ೧೨೦ ವಾಟಿನ ಫಲಕ ಸಾಕೆನಿಸುವುದು. ಮಳೆಗಾಲವನ್ನು ನೆನೆದರೆ ೨೦೦ ವಾಟು ಬೇಕು. ೧೨೦ ವಾಟಿನ ಫಲಕವು ಮಳೆಗಾಲದಲ್ಲಿ ದಿನಕ್ಕೆ ೨೧೬ ವಾಟು-ಗಂಟೆಯನ್ನಷ್ಟೆ ಮನೆಗೆ ಒದಗಿಸಬಲ್ಲದು. ಉಳಿದ ೧೪೪ನ್ನು ಮನೆಯು ಬ್ಯಾಟರಿಯಿಂದ ಸಾಲವಾಗಿ ಪಡೆಯುತ್ತದೆ. ಆ ಸಾಲ ದಿನದಿನವೂ ಬೆಳೆಯುತ್ತದೆ.

ಬ್ಯಾಟರಿಯ ಗಾತ್ರವನ್ನು ಈಗ ನಿಶ್ಚಯಿಸಬಹುದು. ಬಿಸಿಲಿಲ್ಲದ ಎರಡು ದಿನಗಳಿಗೆ ೭೨೦ ವಾಟು-ಗಂಟೆ ಬೇಕು. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದೆಂಬ ನಿಯಮದಂತೆ ಅದರ ಧಾರಣೆ ೧೪೪೦ ವಾಟು-ಗಂಟೆ, ಎಂದರೆ ೧೨ ವೋಲ್ಟಿನಲ್ಲಿ ೧೨೦ ಆಂಪಿಯರ್-ಗಂಟೆ, ಇರಬೇಕು. ಮೇಲೆ ಹೇಳಿದ ೧೪೪ರ ಸಾಲವು ಐದೇ ದಿನಗಳಲ್ಲಿ ಇಂಥ ಬ್ಯಾಟರಿಯ ಅರ್ಧವನ್ನು ಕಬಳಿಸುವುದೆಂಬುದನ್ನು ವಾಚಕರು ಗಮನಿಸಬೇಕು. ಬಹುಕಾಲ ಪೂರ್ಣವಾಗಿ ತುಂಬದೆ ನಿಂತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಟ್ಟುತ್ತದೆ. ಆ ಭಾಗ ಮತ್ತೆ ವಿದ್ಯುತ್ತನ್ನು ಹಿಡಿಯಲಾರದು.

ಹಾಗಾದರೆ ಎರಡರಷ್ಟು ದೊಡ್ಡ ಬ್ಯಾಟರಿಯನ್ನು ಕೊಂಡರೆ ಕ್ಷೇಮವಲ್ಲವೆ ಎಂಬ ಪ್ರಶ್ನೆ ಸಹಜ. ಇಂಥ ಬ್ಯಾಟರಿಗೆ ಅದರ ಧಾರಣೆಯ ಹತ್ತನೆಯ ಒಂದಂಶದಷ್ಟು ಪ್ರವಾಹವು ಹಿತಕರ. ೨೦೦ ವಾಟಿನ ಫಲಕವು ತುಂಬು ಬಿಸಿಲಿನಲ್ಲಿ ಸುಮಾರು ೧೧ ಆಂಪಿಯರುಗಳನ್ನು ನೀಡುತ್ತದೆ. ೧೨೦ರ ಬ್ಯಾಟರಿಗೆ ಇದು ಒಪ್ಪುವ ಪ್ರಮಾಣ. ೨೪೦ರ ಬ್ಯಾಟರಿಗೆ ಇದು ನೂರಕ್ಕೆ ೫ನ್ನೂ ಮುಟ್ಟದು. ಒಮ್ಮೆ ಅರ್ಧ ಬರಿದಾದರೆ ಅದನ್ನು ತುಂಬಲು ಚಿಕ್ಕದಕ್ಕೆ ಬೇಕಾದ ಎರಡರಷ್ಟು ದಿನಗಳು ಹಿಡಿಯುವುವು. ಕೆರೆಯನ್ನು ಹಿರಿದಾಗಿ ತೋಡಿದ ಮಾತ್ರಕ್ಕೆ ಹಳ್ಳದ ನೀರು ಹೆಚ್ಚದು. ಬ್ಯಾಟರಿಯನ್ನು ಹಿಗ್ಗಿಸುವವರು ಫಲಕವನ್ನೂ ಹಿಗ್ಗಿಸಬೇಕು.

ಫಲಕಕ್ಕೂ ಬ್ಯಾಟರಿಗೂ ನಡುವೆ ನಿಲ್ಲುವ ನಿಯಂತ್ರಕದ ವಿಷಯದಲ್ಲಿ ವೋಲ್ಟುಗಳ ಹೊಂದಾಣಿಕೆ ಮುಖ್ಯ. ೧೨ ವೋಲ್ಟಿನ ಬ್ಯಾಟರಿಯನ್ನು ಪೂರ್ಣ ತುಂಬಲು ಸುಮಾರು ೧೪.೪ ವೋಲ್ಟು ಬೇಕು. ೩೬ ಕೋಶಗಳ ಫಲಕವು ೧೮ ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ಇದು ಅನಗತ್ಯವಾದ ಹೆಚ್ಚಳವಲ್ಲ. ಬಿಸಿಲಿಗೆ ಕೋಶವು ೬೦ ಡಿಗ್ರಿಗೆ ಕಾದಾಗ ೧೮ ವೋಲ್ಟು ಸುಮಾರು ೧೫.೫ಕ್ಕೆ ಇಳಿಯುವುದು. ಪಿ.ಡಬ್ಲ್ಯು.ಎಂ. ಎಂದು ಕರೆಯುವ ಸರಳ ನಿಯಂತ್ರಕಕ್ಕೆ ಈ ಫಲಕವೇ ತಕ್ಕುದು. ಅದಕ್ಕೆ ೬೦ ಕೋಶಗಳ, ೩೦ ವೋಲ್ಟಿನ, ೨೬೦ ವಾಟಿನ ಫಲಕವನ್ನು ಜೋಡಿಸಿದರೆ ಫಲಕವು ಬ್ಯಾಟರಿಯ ೧೩ ವೋಲ್ಟಿಗೆ ಎಳೆಯಲ್ಪಡುತ್ತದೆ, ಅದರ ೮.೫ ಆಂಪಿಯರ್ ಪ್ರವಾಹದಿಂದ ದೊರೆಯುವುದು ೧೧೦ ವಾಟು. ೨೬೦ಕ್ಕೆ ಬೆಲೆ ತೆತ್ತು ಅರ್ಧಕ್ಕಿಂತ ಕಡಮೆ ಪಡೆದಂತಾಯಿತು. ಅಂಥ ಫಲಕಕ್ಕೆ, ಹೆಚ್ಚಿನ ವೋಲ್ಟನ್ನು ಹೆಚ್ಚಿನ ಪ್ರವಾಹವಾಗಿ ಪರಿವರ್ತಿಸಬಲ್ಲ ಎಂ.ಪಿ.ಪಿ.ಟಿ. ನಿಯಂತ್ರಕವೇ ಬೇಕು. ಅದಕ್ಕೂ ಒಂದು ಮಿತಿಯುಂಟು. ಪ್ರವಾಹವಿಲ್ಲದಾಗ ೩೮ ವೋಲ್ಟು ತೋರುವ ಎರಡು ಫಲಕಗಳನ್ನು ಸರಣಿಯಲ್ಲಿ ಕೂಡಿಸಿದರೆ ೭೬ ವೋಲ್ಟು. ಚಳಿಗಾಲದ ಬೆಳಗಿನಲ್ಲಿ ಇದು ಇನ್ನೂ ಏರುವುದು. ೭೫ ವೋಲ್ಟನ್ನು ಮಾತ್ರ ತಾಳುವ ನಿಯಂತ್ರಕವು ಆ ಬೆಳಗಿನಲ್ಲಿ ಸುಟ್ಟುಹೋಗಬಹುದು.

ತಂತಿಯನ್ನು ಅಲಕ್ಷಿಸುವುದು ಸಾಮಾನ್ಯ ದೋಷ. ೧೦ ಮೀಟರು ದೂರಕ್ಕೆ, ಹೋಗಿಬರುವ ೨೦ ಮೀಟರು ತಾಮ್ರದ ತಂತಿಯಲ್ಲಿ, ೧೦ ಆಂಪಿಯರ್ ಹರಿಯುವುದೆಂದು ಇಟ್ಟುಕೊಳ್ಳೋಣ. ತಂತಿಯ ಅಡ್ಡಕೊಯ್ತ ೨.೫ ಚದರ ಮಿಲಿಮೀಟರು ಇದ್ದರೆ ದಾರಿಯಲ್ಲಿ ೧.೪ ವೋಲ್ಟು, ಎಂದರೆ ೧೨ರಲ್ಲಿ ನೂರಕ್ಕೆ ೧೧ಕ್ಕೂ ಮೇಲ್ಪಟ್ಟು, ನಷ್ಟವಾಗುವುದು. ಅದೇ ಶಕ್ತಿಯನ್ನು ೨೪ ವೋಲ್ಟಿನಲ್ಲಿ ಸಾಗಿಸಿದರೆ ನಷ್ಟದ ಪ್ರಮಾಣ ಕಾಲುಭಾಗಕ್ಕೆ ಇಳಿಯುತ್ತದೆ. ತಂತಿಯು ತಾಳಬಲ್ಲ ಪ್ರವಾಹವನ್ನು ಮೀರದ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿಯೇ ಇಡುವುದು ಅತ್ಯಗತ್ಯ. ಇಲ್ಲವಾದರೆ ತಂತಿಗಳು ತಾಗಿದಾಗ ಬೆಂಕಿ ಹೊತ್ತುವ ಭಯವುಂಟು.

ಇನ್ವರ್ಟರು ಬೇಕೆ ಎಂಬುದನ್ನೂ ವಿಚಾರಿಸಬೇಕು. ಯಾವ ದೀಪವೂ ಉರಿಯದಿದ್ದಾಗಲೂ ೧೫ ವಾಟನ್ನು ತಾನೇ ಸೇವಿಸುವ ಇನ್ವರ್ಟರು ೨೪ ಗಂಟೆಯೂ ಚಾಲೂ ಇದ್ದರೆ ದಿನಕ್ಕೆ ೩೬೦ ವಾಟು-ಗಂಟೆಯನ್ನು ನುಂಗುತ್ತದೆ. ಇದು ನಮ್ಮ ಮನೆಯ ಸಮಗ್ರ ಬೇಡಿಕೆಗೆ ಸಮ! ಆದಕಾರಣ ದೀಪಗಳನ್ನು ೧೨ ವೋಲ್ಟಿನ ನೇರ ಪ್ರವಾಹದಲ್ಲಿ ಉರಿಸಿ, ಇನ್ವರ್ಟರನ್ನು ಅಗತ್ಯವಿದ್ದಾಗ ಮಾತ್ರ ಹಾಕುವುದು ಲೇಸು.

ಈಚೆಗೆ ಬಳಕೆಗೆ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯು ನೂರಕ್ಕೆ ೮೦ರಷ್ಟು ಬರಿದಾದರೂ ಸಹಿಸುತ್ತದೆ. ಅರ್ಧ ತುಂಬಿ ನಿಂತರೂ ಕೆಡದು. ಆದರೆ ಸೀಸ-ಆಮ್ಲ ಬ್ಯಾಟರಿಗೆ ಆಗಾಗ ಕೊಡುವ ೧೫ ವೋಲ್ಟಿಗೂ ಮೇಲಿನ ಸಮೀಕರಣ ಚಾರ್ಜು ಅದಕ್ಕೆ ಸಲ್ಲದು. ಹಳೆಯ ನಿಯಂತ್ರಕವನ್ನು ಹಾಗೆಯೇ ಇಟ್ಟು ಬ್ಯಾಟರಿಯನ್ನು ಮಾತ್ರ ಬದಲಿಸುವವರು ಇದನ್ನು ಮರೆಯಬಾರದು.

ಸೌರಫಲಕವು ಇಪ್ಪತ್ತೈದು ವರ್ಷ ಬಾಳಬಲ್ಲದು. ಅದರ ಜೊತೆಗಾರರಲ್ಲಿ ಹೊಂದಾಣಿಕೆ ತಪ್ಪಿದರೆ ದಂಡವನ್ನು ಮೊದಲು ತೆರುವುದು ಬ್ಯಾಟರಿ, ಕೊನೆಗೆ ತೆರುವುದು ಮನೆಯವರು. ಬ್ಯಾಟರಿಯನ್ನು ಮತ್ತೆ ಕೊಳ್ಳಲು ಶಕ್ತಿಯಿಲ್ಲದ ಮನೆಯು ಸೀಮೆಎಣ್ಣೆಯ ಬುಡ್ಡಿಗೆ ಮರಳುತ್ತದೆ. ಬಿಸಿಲಿನ ವಿದ್ಯುತ್ತು ನಂಬಿಕೆಗೆ ಅರ್ಹವಲ್ಲವೆಂಬ ಮಾತೂ ಊರಿನಲ್ಲಿ ಹಬ್ಬುತ್ತದೆ. ಬೇಡಿಕೆ, ಮಳೆಗಾಲದ ಬಿಸಿಲು, ಬ್ಯಾಟರಿ, ನಿಯಂತ್ರಕ, ತಂತಿ ಎಂಬ ಕ್ರಮದಲ್ಲಿ ಒಂದು ಹಾಳೆಯ ಮೇಲೆ ಮಾಡಿದ ಲೆಕ್ಕವು ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಲ್ಲದು. ಅದನ್ನು ಹಣ ಕೊಡುವ ಮುನ್ನವೇ ಮಾಡಬೇಕು.